ಉಸಿರಿಗೊಂದು ಎಂಟರ್

ಅವಳಿಗೆ ಜರಡಿ ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು, ಅಷ್ಟು ಸರಿಯಾಗಿ ಒಪ್ಪಿತ್ತು ಹೆಸರು. ಅವಳ ಕೈಯಿಂದ ಒಂದು ಕಲ್ಲು, ಒಂದು ಹೊಟ್ಟು ಆಚೆ ಹೋಗುತ್ತಿರಲಿಲ್ಲ. ಹೊಟ್ಟಿನ ಜೊತೆಗೆ ಒಮ್ಮೊಮ್ಮೆ ಒಳ್ಳೆಯ ಕಾಳೂ ಮೇಲೇ ಉಳಿದುಬಿಡುತ್ತಿತ್ತು ಎನ್ನುವುದು ಬೇರೆ ಮಾತು.

ಸಂಬಳಕ್ಕೆ ಅವಳಿಗೆ ಒಂದು ಕಂಪನಿಯಿತ್ತು. ಈ ಕೆಲಸ ಪುಣ್ಯಕ್ಕೆ. ಲಕ್ಷಾಂತರ ಜನ ಪ್ರೋಗ್ರಾಮ್ ಬರೆಯುವ ಒಂದು ಕಂಪ್ಯೂಟರ್ ಭಾಷೆ. ಆ ಭಾಷೆಯ ಜೊತೆಗೇ ಬಿಟ್ಟಿಯಾಗಿ ಬರುವ ಒಂದು ಲೈಬ್ರರಿ. ಆ ಲೈಬ್ರರಿಯಲ್ಲಿ ಡೇಟಾ ಫೈಲುಗಳನ್ನು ಓದಿ ಅರ್ಥಮಾಡಿಕೊಳ್ಳುವ ಒಂದು ಚಿಕ್ಕ ಭಾಗ. ಅಷ್ಟು ಮಾತ್ರ ಅವಳ ಸುಪರ್ದಿ. ಮನೆಯ ಮುಂದಿನ ಕೋಣೆಯಲ್ಲಿ, ಒಂದು ಕಾಲು ಕುಂಟುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಒಂದು ಸಾಲು ಬದಲಿಸಿದರೆ, ಅವಳು ಎಂದೂ ನೋಡದ ಊರುಗಳ ಅಂಗಡಿ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಏನೋ ಒಂದು ಬದಲಾಗುತ್ತಿತ್ತು. ಗಂಡ ಶಾಲೆಯಲ್ಲಿ ಗಣಿತದ ಮೇಷ್ಟರು, ದಿನವಿಡೀ ಅಲ್ಲಿ ಮಾತಾಡಿ ಮನೆಯಲ್ಲಿ ಬಾಯಿ ಬಿಡದವನು. ಮಾತಿಗೆ ಇದ್ದವರು ಅತ್ತೆ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ ನಿವೃತ್ತರಾದ ಹೆಂಗಸು. ಬೇಕಾದ್ದಕ್ಕೂ ಬೇಡದ್ದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡವರು.

ಡೇಟಾ ಫೈಲಿನಲ್ಲಿ ಪ್ರತಿಯೊಂದು ಮಾತೂ ಎರಡು ಉದ್ಧರಣ ಚಿಹ್ನೆಗಳ ನಡುವೆ ಕೂತಿರುತ್ತದೆ. ಚಿಹ್ನೆ ತೆರೆದರೆ ಮಾತು ಶುರು, ಮುಚ್ಚಿದರೆ ಮುಗಿಯಿತು. ಮಾತಿನ ಹೊಟ್ಟೆಯೊಳಗೇ ಒಂದು ಉದ್ಧರಣ ಚಿಹ್ನೆಯೋ ಸಾಲು ಮುರಿಯುವ ಎಂಟರೋ ಬಂದರೆ ಓದುವ ಯಂತ್ರ ದಾರಿ ತಪ್ಪುತ್ತದೆ. ಅದಕ್ಕೇ ಅಂಥವನ್ನು ಹಾಗೇ ಬರೆಯದೆ, ಮುಂದೆ ಒಂದು ಓರೆಗೆರೆ ಹಾಕಿ ವೇಷ ಮರೆಸಿ ಬರೆಯಬೇಕು. ಎಂಟರ್ ಇದ್ದ ಕಡೆ ಓರೆಗೆರೆ, ಪಕ್ಕದಲ್ಲಿ ಒಂದು ಅಕ್ಷರ. ಓದುವ ಯಂತ್ರ ಅದನ್ನು ಕಂಡು ವೇಷ ಕಳಚಿ ಮತ್ತೆ ಎಂಟರ್ ಮಾಡಿಕೊಳ್ಳುತ್ತದೆ. ಇದಕ್ಕೆ ಎಸ್ಕೇಪ್ ಮಾಡುವುದು ಎನ್ನುತ್ತಾರೆ. ನಿಯಮ ಇಷ್ಟೇ, ಮಕ್ಕಳಿಗೂ ಕಲಿಸಬಹುದು, ದೊಡ್ಡವರೇ ಪಾಲಿಸುವುದಿಲ್ಲ.

ಜರಡಿಗಿಂತ ಮುಂಚೆ ಈ ಭಾಗವನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯರು. ಬೆಣ್ಣೆಯಂಥ ಮನಸ್ಸು. ಯಾರೋ ಎಸ್ಕೇಪ್ ಮಾಡದೆ ಬರೀ ಎಂಟರ್ ಹಾಕಿದ್ದರೂ ‘ಪಾಪ, ಗೊತ್ತಾಗಿಲ್ಲ’ ಎಂದು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುವ ಹಾಗೆ ಬರೆದಿಟ್ಟಿದ್ದರು. ಹದಿನಾಲ್ಕು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ದಿನ ಎಲ್ಲೋ ಒಂದು ಕಟ್ಟಡದಲ್ಲಿ, ಲಿಫ್ಟಿನ ಪಕ್ಕದ ಫಲಕಕ್ಕೆ ಒಂದು ಸೂಚನೆ ಹೋಯಿತು. ‘ಲಿಫ್ಟ್ ಬಳಸಬಹುದು’ ಎಂದು ಒಂದು ಸಾಲು, ಬರೀ ಎಂಟರ್, ‘ರಿಪೇರಿ ಮುಗಿದ ಮೇಲೆ’ ಎಂದು ಇನ್ನೊಂದು ಸಾಲು. ಜರಡಿಯ ಲೈಬ್ರರಿ ಎರಡೂ ಸಾಲನ್ನು ಉದಾರವಾಗಿ ದಾಟಿಸಿತು. ಫಲಕದಲ್ಲಿದ್ದ ಬೇರೆ ಪ್ರೋಗ್ರಾಮ್ ಮೊದಲ ಸಾಲನ್ನಷ್ಟೇ ತೋರಿಸಿತು. ತುಂಬು ಬಸುರಿಯೊಬ್ಬಳು ಎರಡು ಗಂಟೆ ಕತ್ತಲೆ ಡಬ್ಬಿಯೊಳಗೆ ನಿಂತಿದ್ದಳು. ಅವಳಿಗೇನೂ ಆಗಲಿಲ್ಲ, ಮಗುವಿಗೂ ಏನೂ ಆಗಲಿಲ್ಲ. ಆದರೆ ಜರಡಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಕೂತು ಆ ಉದಾರತನವನ್ನು ಬುಡಸಮೇತ ಕಿತ್ತುಹಾಕಿದಳು. ಹೊಸ ಆವೃತ್ತಿಯಲ್ಲಿ ಬರೀ ಎಂಟರ್ ಕಂಡರೆ ಫೈಲು ತೆರೆಯುವುದೇ ಇಲ್ಲ. ಅವಳು ಮಾಡಿದ್ದು ತಪ್ಪೆಂದು ಹೇಳುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ದೂರುಗಳು ಬರುತ್ತವೆಂದು ಅವಳಿಗೆ ಗೊತ್ತಿತ್ತು. ಬಂದವು. ದಿನಕ್ಕೆ ಇಪ್ಪತ್ತು, ಮೂವತ್ತು. ಒಂದೊಂದಕ್ಕೂ ಹೊಸದಾಗಿ ಉತ್ತರ ಬರೆಯುತ್ತ ಕೂತರೆ ಸಂಬಳದ ಕೆಲಸ ಹೋದೀತೆಂದು ಒಂಬತ್ತು ಸಿದ್ಧ ಉತ್ತರಗಳನ್ನು ಮಾಡಿಟ್ಟುಕೊಂಡಿದ್ದಳು. ದೂರಿನ ಮೊದಲ ಎರಡು ಸಾಲು ಓದುವುದು, ನಂಬರು ಒತ್ತುವುದು. ನಾಲ್ಕನೇ ಉತ್ತರ ಹೀಗಿತ್ತು: ‘ಲೈಬ್ರರಿಯಲ್ಲಿ ದೋಷವಿಲ್ಲ. ನಿಮ್ಮ ಫೈಲು ನಿಯಮ ಮೀರಿದೆ. ಉದ್ಧರಣದೊಳಗಿನ ಎಂಟರ್‌ಗಳನ್ನು ತೆಗೆದುಹಾಕಿ. ದೂರು ಮುಕ್ತಾಯ.’

ಸೋಮವಾರ ಬೆಳಿಗ್ಗೆ ಒಂದು ದೂರು ಬಂತು. ‘ನಿಮ್ಮ ಹೊಸ ಆವೃತ್ತಿ ಬಂದ ಮೇಲೆ ನಮ್ಮ ಭಾವ ಮೂಕರಾದರು’ ಎಂದು ಶುರುವಾಗಿತ್ತು. ದೂರು ಬರೆಯುವವರು ಹೀಗೆ ನಾಟಕವಾಡುವುದು ಅವಳಿಗೆ ಹೊಸದಲ್ಲ. ಒಬ್ಬ ತನ್ನ ಮದುವೆ ಮುರಿಯಿತೆಂದೂ ಬರೆದಿದ್ದ. ಅವಳು ಮುಂದೆ ಓದದೆ ನಾಲ್ಕು ಒತ್ತಿದಳು.

ಮಂಗಳವಾರ ಅದೇ ಮನುಷ್ಯನಿಂದ ಇನ್ನೊಂದು ಬಂತು. ‘ನೀವು ಹೇಳಿದ ಹಾಗೆ ಎಲ್ಲ ಎಂಟರ್ ತೆಗೆದೆ. ಫೈಲು ಈಗ ತೆರೆಯುತ್ತದೆ. ಆದರೆ ಭಾವ ಅಸಂಬದ್ಧ ಮಾತಾಡುತ್ತಿದ್ದಾರೆ. ನಿನ್ನೆ ಆಸ್ಪತ್ರೆಯಲ್ಲಿ ಅಕ್ಕ, ಡಾಕ್ಟ್ರು ಏನಂದ್ರು ಎಂದು ಕೇಳಿದಳು. ಭಾವ, ಮೀಸೆ ಇಡಲಾ ತೆಗೀಲಾ ಎಂದರು.’

ಜರಡಿಗೆ ನಗು ಬಂತು. ನಗುತ್ತಲೇ ಮೊದಲ ದೂರನ್ನು ತೆರೆದು ಪೂರ್ತಿ ಓದಿದಳು. ಓದುತ್ತ ಓದುತ್ತ ನಗು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಬರೆದವನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅವನ ಭಾವ ಸಲೂನ್ ನಡೆಸುವವರು. ಕತ್ತರಿಗಿಂತ ನಾಲಿಗೆ ಚುರುಕು, ಅವರ ಮಾತು ಕೇಳುವುದಕ್ಕೇ ಜನ ಕೂದಲು ಬೆಳೆಸಿಕೊಂಡು ಬರುತ್ತಿದ್ದರಂತೆ. ಆರು ವರ್ಷದ ಹಿಂದೆ ಅವರ ಗಂಟಲಲ್ಲಿ ಗಡ್ಡೆ ಸಿಕ್ಕಿತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಇಪ್ಪತ್ತು ದಿನ ಇತ್ತು. ಆ ಇಪ್ಪತ್ತು ದಿನ ಗಂಡ ಹೆಂಡತಿ ಇಬ್ಬರೂ ಸಲೂನಿನ ಬಾಗಿಲು ಹಾಕಿಕೊಂಡು, ಮುಂದೆ ಜೀವನದಲ್ಲಿ ಬೇಕಾದೀತು ಅನ್ನಿಸಿದ ಮಾತನ್ನೆಲ್ಲ ಗಂಡನದೇ ದನಿಯಲ್ಲಿ ರೆಕಾರ್ಡ್ ಮಾಡಿದರು. ಗಡ್ಡೆಯಿಂದಾಗಿ ಅವರಿಗೆ ಉದ್ದದ ಮಾತು ಒಂದೇ ಉಸಿರಿಗೆ ಬರುತ್ತಿರಲಿಲ್ಲ. ಒಂದು ಉಸಿರಿಗೆ ಎಷ್ಟು ಬರುತ್ತದೋ ಅಷ್ಟು ಒಂದು ತುಣುಕು. ಹಾಗೆ ಎರಡು ಸಾವಿರದ ಒಂಬೈನೂರ ನಲವತ್ತಾರು ತುಣುಕು.

ಬಾಮೈದ ಕಂಪ್ಯೂಟರ್ ಕಲಿತದ್ದೇ ಆಗ, ಪುಸ್ತಕ ತರಿಸಿಕೊಂಡು. ಭಾವ ಫೋನಿನಲ್ಲಿ ಒಂದು ಮಾತನ್ನು ಆರಿಸಿದರೆ ಅದರ ತುಣುಕುಗಳು ಒಂದರ ಹಿಂದೊಂದು ನುಡಿಯುವ ಪ್ರೋಗ್ರಾಮ್ ಮಾಡಿದ. ಮಾತುಗಳ ಪಟ್ಟಿಯನ್ನು ಅವನು ತನ್ನ ಕೈಯಾರೆ ಬರೆದ. ಭಾವ ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಒಂದು ಎಂಟರ್ ಒತ್ತಿದ. ಒಂದು ಎಂಟರ್ ಎಂದರೆ ಒಂದು ತುಣುಕು ಮುಗಿಯಿತು, ಮುಂದಿನ ತುಣುಕಿಗೆ ಹೋಗು ಎಂದು ಅರ್ಥ; ಪಟ್ಟಿಯಲ್ಲಿ ಎಷ್ಟನೇ ಸಾಲೋ ಅಷ್ಟನೇ ತುಣುಕು. ಓರೆಗೆರೆ, ವೇಷ, ಎಸ್ಕೇಪ್ ಇವೆಲ್ಲ ಆ ಪುಸ್ತಕದ ಹನ್ನೆರಡನೇ ಅಧ್ಯಾಯದಲ್ಲಿದ್ದವು. ಅವನು ಒಂಬತ್ತಕ್ಕೆ ನಿಲ್ಲಿಸಿದ್ದ, ಏಕೆಂದರೆ ಒಂಬತ್ತಕ್ಕೇ ಭಾವ ಮಾತಾಡಿದರು.

ಈಗ ಅವನ ಅಕ್ಕ ಆಸ್ಪತ್ರೆಯಲ್ಲಿ. ಬಚ್ಚಲಿನ ಕಟ್ಟಿಕೊಂಡ ಪೈಪಿಗೆ ಸುರಿದ ದ್ರಾವಣ ಸಿಡಿದು ಎರಡೂ ಕಣ್ಣು ಸುಟ್ಟಿತ್ತು. ಎರಡಕ್ಕೂ ಪಟ್ಟಿ. ಎಡಗಣ್ಣು ಹೇಗೋ ಉಳಿಯುತ್ತದೆ. ಬಲಗಣ್ಣಿಗೆ ಗುರುವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಮಾಡಿದರೆ ಉಳಿಯಬಹುದು, ಬಿಟ್ಟರೆ ಖಂಡಿತ ಹೋಗುತ್ತದೆ. ಆಕೆ ಮಾತ್ರ ಒಂದೇ ಹಟ ಹಿಡಿದಿದ್ದಳು: ಗಂಡನ ಬಾಯಿಂದ ಕೇಳದೆ ನಾನು ಒಳಗೆ ಹೋಗುವುದಿಲ್ಲ.

ಜರಡಿ ತನ್ನ ಫೋನ್ ನಂಬರು ಕಳಿಸಿದಳು. ಎರಡು ನಿಮಿಷಕ್ಕೆ ಕರೆ ಬಂತು. ಹಿಂದುಗಡೆ ಹೊಲಿಗೆ ಯಂತ್ರವೊಂದು ಕಟಕಟ ಎನ್ನುತ್ತಿತ್ತು.

“ಮೇಡಂ, ನಾನು ಆ ಬಾಮೈದ.”

“ಬೇರೆ ಯಾವುದಾದ್ರೂ ಆಪ್‌ನಲ್ಲಿ ಬರೆದು ಮಾತಾಡಿಸಬಹುದಿತ್ತಲ್ಲ?” ಎಂದು ಅವಳು ಕೇಳಿದಳು.

“ಮಾಡಿದ್ವಿ ಮೇಡಂ, ಭಾನುವಾರ. ಅದರಲ್ಲಿ ಬೇರೆ ಗಂಡಸಿನ ದನಿ. ಅಕ್ಕ ಕೇಳಿದ್ದೇ ತಡ, ಯಾರ್ರೀ ಈ ಮನುಷ್ಯ, ನಮ್ಮನೆ ವಿಷಯದಲ್ಲಿ ಇವನದೇನು, ಆಚೆ ಕಳ್ಸಿ ಅಂತ ಕೂಗಾಡಿಬಿಟ್ಲು. ಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತ್ರು.”

“ಕೈ ಒತ್ತಿ ಹೇಳೋದು?”

“ಅದೂ ಆಯ್ತು. ಒಂದ್ಸಲ ಒತ್ತಿದ್ರೆ ಹೂಂ, ಎರಡ್ಸಲ ಒತ್ತಿದ್ರೆ ಬೇಡ. ಭಾವನ ಕೈ ನಡುಗ್ತಾ ಇತ್ತು. ಇದು ಒಂದಾ, ಎರಡಾ, ಹತ್ತಾ ಅಂತ ಅಕ್ಕ ಅತ್ತುಬಿಟ್ಲು. ನಿನ್ನೆ ಹೇಗೋ ಹುಡುಕಿ ಒಂದು ‘ಹೂಂ’ ತುಣುಕು ತೆಗೆದು ಕೇಳಿಸಿದೆ. ಬರೀ ಹೂಂ ಅಂದು ಸುಮ್ಮನಾಗೋ ಪೈಕಿ ಅಲ್ಲ ನಿಮ್ಮ ಭಾವ, ಏನೋ ಮುಚ್ಚಿಡ್ತಿದೀರಿ ಅಂತ ಇನ್ನೂ ಹೆದರಿದ್ಲು.”

ಜರಡಿಗೆ ದಾರಿ ಸುಲಭವಾಗಿ ಕಂಡಿತು. “ಒಂದು ಕೆಲಸ ಮಾಡಿ. ಹಳೇ ಆವೃತ್ತಿ ಹಾಕ್ಕೊಳ್ಳಿ, ಎಂಟರ್ ಇರೋ ನಿಮ್ಮ ಹಳೇ ಫೈಲು ಹಾಗೇ ತೆರೆಯುತ್ತೆ. ಹತ್ತು ನಿಮಿಷದ ಕೆಲಸ.”

ಆ ಕಡೆ ಹೊಲಿಗೆ ಯಂತ್ರ ನಿಂತಿತು. “ಹಳೇ ಫೈಲು ಎಲ್ಲಿದೆ ಮೇಡಂ? ನೀವು ತೆಗೀರಿ ಅಂದ್ರಿ. ತೆಗೆದು ಅದರ ಮೇಲೇ ಉಳಿಸಿದೆ.”

“ನಕಲು ಇಟ್ಕೊಂಡಿಲ್ವಾ?”

“ಹೊಲಿಗೆ ಮಿಷನ್ನಿಗೆ ನಕಲು ಇಟ್ಕೊಂಡು ಯಾರಾದ್ರೂ ರಿಪೇರಿ ಮಾಡ್ತಾರಾ?”

ಜರಡಿ ನಾಲ್ಕನೇ ಉತ್ತರವನ್ನು ತೆರೆದು ಮತ್ತೆ ಓದಿದಳು. ಎಂಟರ್‌ಗಳನ್ನು ತೆಗೆಯಿರಿ ಎಂದದ್ದು ಅವಳೇ. ಎಸ್ಕೇಪ್ ಮಾಡಿ ಎನ್ನಬೇಕಿತ್ತು, ಓರೆಗೆರೆ ಹಾಕಿ ಎನ್ನಬೇಕಿತ್ತು. ಅದನ್ನು ವಿವರಿಸುವುದಕ್ಕೆ ಇನ್ನೂ ನಾಲ್ಕು ಸಾಲು ಬೇಕಾಗುತ್ತದೆಂದು ಸೋಮಾರಿತನದಿಂದ ‘ತೆಗೆದುಹಾಕಿ’ ಎಂದು ಬರೆದಿಟ್ಟಿದ್ದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದಕ್ಕೆ ತಾನೇ ಸಲಹೆ ಕೊಟ್ಟ ಹಾಗಾಗಿತ್ತು. ಸಾವಿರದ ಇನ್ನೂರ ನಾಲ್ಕು ಮಾತುಗಳು ಈಗ ಒಂದೊಂದು ಉದ್ದ ಸಾಲಾಗಿ ಮಲಗಿದ್ದವು. ಯಾವ ಮಾತಿಗೆ ಎಷ್ಟು ತುಣುಕು, ಎಲ್ಲಿ ಉಸಿರು ಎನ್ನುವುದು ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಮೊದಲ ಮಾತಿಗೇ ನಾಲ್ಕು ತುಣುಕು ಇದ್ದದ್ದರಿಂದ ಎರಡನೆಯದರಿಂದ ಕೊನೆಯವರೆಗೆ ಎಲ್ಲ ಅದಲುಬದಲು.

“ತಪ್ಪು ನಂದು,” ಎಂದಳು ಅವಳು. ಈ ಮಾತು ಅವಳ ಬಾಯಿಂದ ಅಪರೂಪಕ್ಕೆ ಬರುವಂಥದ್ದು. “ತುಣುಕುಗಳನ್ನೆಲ್ಲ ನಂಗೆ ಕಳ್ಸಿ. ನಾನೇ ಸರಿ ಮಾಡ್ತೀನಿ.”

“ಗುರುವಾರದೊಳಗೆ ಆಗುತ್ತಾ ಮೇಡಂ?”

ಆಗುತ್ತೆ ಎಂದಳು. ಆಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅಂಗಡಿಯ ಇಂಟರ್ನೆಟ್ಟು ಆಮೆಯಾದ್ದರಿಂದ ತುಣುಕುಗಳು ಪೂರ್ತಿ ಬಂದು ಸೇರುವಾಗ ಮಂಗಳವಾರ ಸಂಜೆಯಾಯಿತು. ಜರಡಿ ಮೊದಲು ತನ್ನ ವಿದ್ಯೆ ತೋರಿಸಿದಳು. ಪ್ರತಿ ತುಣುಕು ಎಷ್ಟು ಸೆಕೆಂಡು, ಅದಕ್ಕೆ ಎಷ್ಟು ಅಕ್ಷರ ಹಿಡಿಯಬಹುದು ಎಂದು ಅಳೆದು ಎಂಟರ್ ಎಲ್ಲಿರಬೇಕೆಂದು ಊಹಿಸುವ ಒಂದು ಪ್ರೋಗ್ರಾಮ್ ಬರೆದಳು. ಹತ್ತರಲ್ಲಿ ಒಂಬತ್ತು ಸರಿ ಬಂತು. ಬೇರೆ ಕೆಲಸಕ್ಕಾದರೆ ಒಂಬತ್ತು ಸಾಕು, ಹಬ್ಬ ಮಾಡಬಹುದು. ಇಲ್ಲಿ ಹತ್ತನೆಯದು ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಮತ್ತೆ ಮೀಸೆ ಇಡಲಾ, ತೆಗೀಲಾ.

ಬುಧವಾರ ಬೆಳಿಗ್ಗೆ ಆರಕ್ಕೆ ಸಂಬಳದ ಕಂಪನಿಗೆ ರಜೆ ಹೇಳಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಒಂದು ತುಣುಕು ಕೇಳುವುದು, ಅದು ಯಾವ ಪದಕ್ಕೆ ನಿಂತಿತೋ ಅಲ್ಲಿ ಓರೆಗೆರೆಯ ಗುರುತು ಹಾಕುವುದು, ಮುಂದಿನದಕ್ಕೆ ಹೋಗುವುದು. ಎಂಟು ಗಂಟೆಗೆ ಅತ್ತೆ ಕಾಫಿ ತಂದಿಟ್ಟರು. ಒಂಬತ್ತಕ್ಕೆ ಬಂದು ನೋಡಿದರೆ ಕಾಫಿ ಹಾಗೇ ಇತ್ತು.

“ಏನಮ್ಮಾ ಅದು, ಕಾಫಿ ಮರೆಯೋ ಅಂಥದ್ದು?”

ಜರಡಿ ಹೇಳಿದಳು. ನಾಲ್ಕನೇ ಉತ್ತರದ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತು ದಿನ ಗಂಟಲು ಹರ್ಕೊಂಡು ಕೂಡಿಟ್ಟದ್ದನ್ನ ನೀನು ಒಂದು ಬೆರಳಲ್ಲಿ ಒಡೆಸಿಬಿಟ್ಟೆ.”

“ಬೈಯೋದಾದ್ರೆ ನಾಳೆ ಬೈಯಿರಿ ಅತ್ತೆ. ಇವತ್ತು ಟೈಮಿಲ್ಲ.”

“ಬೈಯೋಕೆ ಬಂದಿಲ್ಲ. ಎಷ್ಟಾಯ್ತು?”

“ಮುನ್ನೂರ ಎಂಬತ್ತು.”

“ಮೂರು ಗಂಟೆಗೆ ಮುನ್ನೂರ ಎಂಬತ್ತು! ಹೀಗೆ ಮಾಡಿದ್ರೆ ಆ ಹೆಂಗಸು ಮುದುಕಿಯಾಗ್ತಾಳೆ. ಇನ್ನೊಂದು ಹೆಡ್‌ಫೋನ್ ಕೊಡು. ನಾನು ಕೊನೆಯಿಂದ ಹಿಂದಕ್ಕೆ ಬರ್ತೀನಿ, ನೀನು ಮುಂದಕ್ಕೆ ಬಾ. ಅಂಚೆ ಮೂಟೆ ಬಂದಾಗ ನಾವು ಮಾಡ್ತಿದ್ದದ್ದೇ ಹಾಗೆ. ನಡುವೆ ಸೇರಿದಾಗ ಕೈಯಲ್ಲಿ ಒಂದೂ ಪತ್ರ ಉಳೀಬಾರದು. ಉಳಿದ್ರೆ ಯಾರೋ ತಪ್ಪಿದಾರೆ ಅಂತ ಲೆಕ್ಕ.”

ಗಂಡನ ಹಳೆ ಲ್ಯಾಪ್‌ಟಾಪ್ ಊಟದ ಮೇಜಿಗೆ ಬಂತು. ಅತ್ತೆ ಪಟ್ಟಿಯ ಕೊನೆಯ ಮಾತಿನಿಂದ ಶುರು ಮಾಡಿದರು. ಎರಡು ಬೆರಳಲ್ಲಿ ಟೈಪ್ ಮಾಡುತ್ತಿದ್ದರೂ ಜರಡಿಗಿಂತ ಬೇಗ ಮುಗಿಸುತ್ತಿದ್ದರು. ಜರಡಿ ಪ್ರತಿ ತುಣುಕನ್ನು ಎರಡು ಸಲ ಕೇಳುತ್ತಿದ್ದಳು. ಅತ್ತೆ ಒಂದೇ ಸಲಕ್ಕೆ ನಂಬುತ್ತಿದ್ದರು. ಗಂಡ ಶಾಲೆಗೆ ಹೊರಟವನು ಇಬ್ಬರನ್ನೂ ನೋಡಿ, ಏನೂ ಕೇಳದೆ, ಮೊಸರು ತಾನೇ ಬಡಿಸಿಕೊಂಡು ಉಂಡು ಹೋದ.

ಹೊತ್ತು ಏರುತ್ತ ಹೋದ ಹಾಗೆ ಜರಡಿಗೆ ಆ ಮನುಷ್ಯನ ಪರಿಚಯವಾಗುತ್ತ ಬಂತು. ಮೊದಲ ನೂರಿನ್ನೂರು ಸಲೂನಿನ ಮಾತು. ‘ಬನ್ನಿ ಬನ್ನಿ, ಎಷ್ಟು ದಿನ ಆಯ್ತು.’ ‘ತಲೆ ಸ್ವಲ್ಪ ಬಗ್ಗಿಸಿ.’ ‘ಇದು ಬಿಳಿ ಕೂದಲಲ್ಲ ಸಾರ್, ಬೆಳಕು ಬಿದ್ದದ್ದು.’ ಆಮೇಲೆ ಮನೆಯ ಮಾತು. ‘ಉಪ್ಪು ಒಂಚೂರು ಮುಂದಾಯ್ತು, ಆದ್ರೂ ಇನ್ನೊಂದ್ಸಲ ಬಡಿಸು.’ ‘ಗಿರಾಕಿ ಬಂದ್ರು, ಜಗಳ ಆಮೇಲೆ ಆಡೋಣ, ಎಲ್ಲಿಗೆ ನಿಲ್ಲಿಸಿದ್ವಿ ನೆನಪಿಟ್ಕೋ.’ ‘ನಿನ್ನ ತಮ್ಮ ಬಂದಿದಾನೆ, ಸಕ್ಕರೆ ಡಬ್ಬಿ ಬಚ್ಚಿಡು.’ ದಿನ ಕಳೆದ ಹಾಗೆ ದನಿ ಒರಟಾಗುತ್ತ ಹೋಗಿತ್ತು. ಮೊದಮೊದಲು ಹತ್ತು ಪದ ಹಿಡಿಯುತ್ತಿದ್ದ ಉಸಿರು ಆಮೇಲೆ ಆರು, ಆಮೇಲೆ ನಾಲ್ಕು. ಬಾಮೈದ ಒತ್ತಿದ್ದ ಎಂಟರ್‌ಗಳು ಬರೀ ಸಾಲು ಮುರಿಯುವ ಗುರುತಲ್ಲ, ಒಬ್ಬ ಮನುಷ್ಯ ಗಾಳಿಗಾಗಿ ನಿಂತ ಜಾಗಗಳು ಎಂದು ಅವಳಿಗೆ ಆಗ ಗೊತ್ತಾಯಿತು. ಅದನ್ನು ತಾನು ನಿಯಮ ಮೀರಿದ್ದು ಎಂದು ಕರೆದಿದ್ದೆ ಎಂದು ನೆನೆದು ಅವಳ ಕಣ್ಣಲ್ಲಿ ನೀರು ಬಂತು. ಅತ್ತೆ ನೋಡಿದರೂ ನೋಡದ ಹಾಗಿದ್ದರು.

ಸಂಜೆ ಐದಕ್ಕೆ ಇಬ್ಬರೂ ನಡುವೆ ಸೇರಿದರು. ಜರಡಿ ಕೂಡಿಸಿ ನೋಡಿದಳು. ತುಣುಕು ಎರಡು ಸಾವಿರದ ಒಂಬೈನೂರ ನಲವತ್ತಾರು, ಸಾಲು ಎರಡು ಸಾವಿರದ ಒಂಬೈನೂರ ನಲವತ್ತೈದು.

“ಒಂದು ಪತ್ರ ಉಳೀತು,” ಎಂದರು ಅತ್ತೆ.

ಭೇಟಿಯ ಸಮಯ ಮುಗಿಯುವುದಕ್ಕೆ ಒಂದು ಗಂಟೆ. ಬಾಮೈದ ಆಸ್ಪತ್ರೆಯ ಮೆಟ್ಟಿಲ ಮೇಲಿಂದ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಜರಡಿ ತಾನು ಮಾಡಿದ್ದನ್ನೆಲ್ಲ ಮತ್ತೆ ತಿರುವಿದಳು, ಏನೂ ಸಿಗಲಿಲ್ಲ. ಅತ್ತೆಯ ಭಾಗವನ್ನು ತಿರುವಲು ಹೋದರೆ ಅತ್ತೆಗೆ ಸಿಟ್ಟು: ಮೂವತ್ತೊಂದು ವರ್ಷದಲ್ಲಿ ನಾನು ಒಂದು ಕಾಗದ ಬೀಳಿಸಿದವಳಲ್ಲ. ಆದರೆ ಸಿಟ್ಟಿನ ನಡುವೆಯೇ ಅವರ ಮುಖ ಬದಲಾಯಿತು.

“ಒಂದು ಕೆಟ್ಟುಹೋದದ್ದು ಇತ್ತು ಕಣೇ. ಮಾತೇ ಇರಲಿಲ್ಲ ಅದರಲ್ಲಿ. ಬಿಟ್ಟುಬಿಟ್ಟೆ.”

ಅದನ್ನು ಹುಡುಕುವಾಗ ಆರೂ ಕಾಲು. ಜರಡಿ ಅದನ್ನು ಜೋರಾಗಿ ಹಾಕಿದಳು. ನೀರು ಗುಟುಕರಿಸುವ ಸದ್ದು. ಲೋಟ ಇಟ್ಟ ಸದ್ದು. ಒಬ್ಬ ಹೆಂಗಸಿನ ದನಿ, ದೂರದಿಂದ: “ಸಾಕು ಇವತ್ತಿಗೆ. ಕೆಮ್ಮು ಬಂದ್ರೆ ಬರಲಿ, ಅದನ್ನೂ ಇಟ್ಕೊಳ್ಳೋಣ.” ಆ ತುಣುಕಿಗೆ ಬಾಮೈದ ಪಟ್ಟಿಯಲ್ಲಿ ಮಾತಿಲ್ಲದ ಒಂದು ಖಾಲಿ ಸಾಲು ಬಿಟ್ಟಿದ್ದನಂತೆ, ಫೋನಿನಲ್ಲಿ ಕೇಳಿದಾಗ ಅವನಿಗೆ ನೆನಪಾಯಿತು. ಜರಡಿ ಆ ಜಾಗದಲ್ಲಿ ಓರೆಗೆರೆಯ ಗುರುತನ್ನು ಒಂದರ ಪಕ್ಕ ಒಂದು ಎರಡು ಸಲ ಹಾಕಿದಳು. ಲೆಕ್ಕ ಕೂಡಿತು. ಫೈಲು ಕಳಿಸಿದಳು. ಅಷ್ಟರಲ್ಲಿ ಕಾವಲುಗಾರ ಆಸ್ಪತ್ರೆಯ ಬಾಗಿಲು ಹಾಕಿಯಾಗಿತ್ತು. ಕೈಕಾಲು ಹಿಡಿದ ಮೇಲೆ ವಾರ್ಡಿನ ನರ್ಸು, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಬಿಡುತ್ತೇನೆ, ಅದಕ್ಕಿಂತ ಹೆಚ್ಚು ಕೇಳಬೇಡಿ ಎಂದಳಂತೆ.

ಊಟವಾದ ಮೇಲೆ ಅತ್ತೆ ಕೇಳಿದರು, “ಈಗೇನು, ಮತ್ತೆ ಎಲ್ಲರಿಗೂ ಬಾಗಿಲು ತೆಗೆದುಬಿಡ್ತೀಯಾ?”

“ತೆಗೆದ್ರೆ ಇನ್ನೊಬ್ಳು ಲಿಫ್ಟಲ್ಲಿ ಸಿಕ್ಕಿಹಾಕ್ಕೋತಾಳೆ.”

“ನಮ್ಮಲ್ಲಿ ವಿಳಾಸ ಸರಿಯಿಲ್ಲದ ಪತ್ರಕ್ಕೆ ಬೇರೆ ಮೇಜಿತ್ತು. ಊಹೆ ಮಾಡಿ ಯಾರದೋ ಮನೆಗೆ ಹಾಕ್ತಿರಲಿಲ್ಲ. ಹರಿದು ಬಿಸಾಕ್ತಾನೂ ಇರಲಿಲ್ಲ. ಏನು ತಪ್ಪಿದೆ ಅಂತ ಮೇಲೆ ಬರೆದು ವಾಪಸ್ ಕಳಿಸ್ತಿದ್ವಿ.”

ಜರಡಿಯ ಲೈಬ್ರರಿ ಅಂದಿನಿಂದ ಆ ಮೇಜಿನ ಹಾಗಾಯಿತು. ನಿಯಮ ಮೀರಿದ ಫೈಲನ್ನು ಈಗಲೂ ಒಳಗೆ ಬಿಡುವುದಿಲ್ಲ. ಆದರೆ ಎಷ್ಟನೇ ಸಾಲಿನಲ್ಲಿ ಎಂಟರ್ ಇದೆ, ಅದನ್ನು ಅಳಿಸದೆ ಹೇಗೆ ಬರೆಯಬೇಕು, ಮೊದಲು ಒಂದು ನಕಲು ಇಟ್ಟುಕೊಳ್ಳಿ ಎಂದು ಹೇಳುತ್ತದೆ. ಗೊತ್ತಿದ್ದೂ ಹಳೆಯ ಹಾಗೇ ಓದಬೇಕೆನ್ನುವವರಿಗೆ ಬೇರೆ ಬಾಗಿಲಿದೆ; ಬಾಯಿಬಿಟ್ಟು ಕೇಳಬೇಕು. ನಾಲ್ಕನೇ ಉತ್ತರವನ್ನು ಅವಳು ಅಳಿಸಿಹಾಕಿದಳು. ಉಳಿದ ಎಂಟನ್ನೂ ಅಳಿಸಿದಳು. ದೂರುಗಳಿಗೆ ಈಗ ತಡವಾಗಿ ಉತ್ತರ ಬರುತ್ತದೆಂದು ಜನ ಗೊಣಗುತ್ತಾರೆ. ಗೊಣಗಲಿ.

ಗುರುವಾರ ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಬಾಮೈದನ ಕರೆ ಬಂತು. ಅವನು ಪಿಸುಗುಟ್ಟಿದ: “ಮೇಡಂ, ಲೈನಲ್ಲೇ ಇರಿ. ಏನಾದ್ರೂ ಕೆಟ್ರೆ ನೀವು ಬೇಕು.” ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಜರಡಿ ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದಳು. ಅತ್ತೆ ಕುರ್ಚಿ ಎಳೆದುಕೊಂಡು ಬಂದರು. ಹಲ್ಲುಜ್ಜುತ್ತಿದ್ದ ಗಂಡನೂ ಬಂದು ಬಾಗಿಲಲ್ಲಿ ನಿಂತ.

ಚಪ್ಪಲಿಯ ಸದ್ದು, ಕಬ್ಬಿಣದ ಮಂಚ ಸರಿದ ಸದ್ದು. ಆಮೇಲೆ ಹೆಂಗಸಿನ ದನಿ, ದಣಿದದ್ದು: “ಯಾರು?”

ಭಾವ ಮಾತಾಡಿದರು. ಜರಡಿ ನಿನ್ನೆಯಿಡೀ ಕೇಳಿದ ಅದೇ ದನಿ. “ನಾನೇ ಕಣೇ. ಇನ್ಯಾರು ಬರ್ತಾರೆ ನಿನ್ನ ನೋಡೋಕೆ?”

ಆ ಹೆಂಗಸಿನ ಬಾಯಿಂದ ಬಂದದ್ದು ಬೈಗುಳ. “ಐದು ದಿನ! ಐದು ದಿನ ಎಲ್ಲಿ ಹೋಗಿತ್ತು ನಿಮ್ಮ ಬಾಯಿ? ಸೋಮವಾರ ಮೀಸೆ ಗೀಸೆ ಅಂದ್ರಿ, ನಂಗೆ ಕಣ್ಣಿನ ಜೊತೆ ನಿಮ್ಮ ತಲೆನೂ ಹೋಯ್ತು ಅನ್ಕೊಂಡೆ.”

“ತಪ್ಪಾಯ್ತು ಮಹಾರಾಯ್ತಿ. ಈಗ ಕ್ಷಮಿಸಿಬಿಡು, ಬೈಯೋದು ಬಾಕಿ ಇಟ್ಕೋ.” ಮೂರು ತುಣುಕು, ಎರಡು ಉಸಿರು, ಎಲ್ಲ ಅದರದರ ಜಾಗದಲ್ಲಿ. ಜರಡಿಯೂ ಉಸಿರು ಬಿಟ್ಟಳು.

“ಒಳಗೆ ಹೋಗ್ಲಾ? ನಿಜ ಹೇಳಿ.”

“ಹೋಗಿ ಬಾ. ನಾನು ಇಲ್ಲೇ ಕೂತಿರ್ತೀನಿ.”

“ಹೋದ್ರೆ ಕಣ್ಣು ಬರುತ್ತೆ ಅಂತ ಏನು ಗ್ಯಾರಂಟಿ? ಕೈಕಾಲು ತಣ್ಣಗಾಗಿದೆ ರೀ. ಹೆದರಬೇಡ ಅಂತ ಒಂದ್ಸಲ ಹೇಳಿ. ನಿಮ್ಮ ಬಾಯಲ್ಲಿ ಕೇಳಿ ಹೋಗ್ತೀನಿ.”

ಜರಡಿಯ ಕೈ ಬಾಯಿಗೆ ಹೋಯಿತು. ಫೈಲು ಕಳಿಸಿದ ಮೇಲೆ ರಾತ್ರಿ ಕೂತು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದವಳು ಅವಳು. ಸಾವಿರದ ಇನ್ನೂರ ನಾಲ್ಕು ಮಾತಿನಲ್ಲಿ ಆ ಮಾತು ಇರಲಿಲ್ಲ. ಆ ಇಪ್ಪತ್ತು ದಿನ ಹೆದರಬೇಡ ಎಂದು ಹೇಳುತ್ತಿದ್ದವಳು ಆಕೆ, ಹೇಳಿಸಿಕೊಳ್ಳುತ್ತಿದ್ದವರು ಅವರು. ಮುಂದೊಂದು ದಿನ ತಾನು ಹೇಳಬೇಕಾದೀತೆಂದು ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ಫೋನಿನಲ್ಲಿ ಬೆರಳು ಒತ್ತಿ ಒತ್ತಿ ಹುಡುಕುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು. ಅತ್ತೆ ಜರಡಿಯ ಮೊಣಕೈ ಹಿಡಿದುಕೊಂಡರು.

“ಯಾಕೆ ಸುಮ್ಮನಾದ್ರಿ?” ಆಕೆಯ ದನಿ ನಡುಗಿತು. “ಹೇಳೋಕಾಗಲ್ವಾ?”

ರೆಕಾರ್ಡ್ ಮಾಡಿದ ಕೊನೆಯ ದಿನದ ಮಾತೊಂದು ಬಂತು. ಹರಿದು ಹೋದ ದನಿ, ಒಂದೊಂದು ಉಸಿರಿಗೆ ಎರಡೋ ಮೂರೋ ಪದ.

“ನಂಗೆ ಭಯ ಆಗ್ತಿದೆ.

“ಕೈ ಬಿಡಬೇಡ ಕಣೇ.

“ನೀನಿದ್ರೆ

“ಏನೂ ಆಗಲ್ಲ.”

ಆಮೇಲೆ ಹೊದಿಕೆ ಸರಿಸಿದ ಸದ್ದು, ಆಕೆ ಎದ್ದು ಕೂತಿರಬೇಕು. ಅವಳ ದನಿಯಲ್ಲಿ ನಡುಕ ಹೋಗಿ ಬೇರೆಯೇ ಏನೋ ಬಂದಿತ್ತು, ಗಂಡನನ್ನು ಇಪ್ಪತ್ತು ದಿನ ನೀರು ಕುಡಿಸಿ ಮಾತಾಡಿಸಿದ ಆ ಹೆಂಗಸಿನ ಗತ್ತು.

“ಅಯ್ಯೋ ನಿಮ್ಮ! ನಿಮಗ್ಯಾಕೆ ಭಯ, ನಾನಿಲ್ವಾ? ಎಲ್ಲಿ ಕೈ ಕೊಡಿ. ನೋಡಿ ಹೇಗೆ ತಣ್ಣಗಾಗಿದೆ. ಏನೂ ಆಗಲ್ಲ, ಸುಮ್ಮನಿರಿ.” ಮತ್ತೆ ಜೋರಾಗಿ, ಬಾಗಿಲ ಕಡೆ ತಿರುಗಿ: “ಸಿಸ್ಟರ್, ಗಾಲಿಕುರ್ಚಿ ತನ್ನಿ. ನಮ್ಮನೆಯವರು ಹೆದರ್ಕೊಂಡಿದಾರೆ, ಬೇಗ ಹೋಗಿ ಬಂದುಬಿಡ್ತೀನಿ.”